ಫೈಬ್ರಾಯ್ಡ್‌ಗೆ ಆಪರೇಷನ್ನಾ, ಎಂಬೊಲೈಸೇಷನ್ನಾ? ಅಕ್ಕನನ್ನು ಸ್ಟಡಿಗೆ ಸೇರಿಸಬೇಕಾ ಅಂತ ಕೇಳುತ್ತಿದ್ದಾರೆ, ಗೊತ್ತಿದ್ದವರು ಹೇಳಿ

ಕಾರ್ಕಳದ ತಂಗಿ

ಎಲ್ಲರಿಗೂ ನಮಸ್ಕಾರ. ವಿಷಯ ನನ್ನ ಅಕ್ಕನದ್ದು. ವಯಸ್ಸು 43, ಇಬ್ಬರು ಮಕ್ಕಳು, ಕಾರ್ಕಳದ ಹತ್ತಿರ ಶಾಲೆಯಲ್ಲಿ ಟೀಚರ್. ಬಹಳ ಸಮಯದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು ಕಂಡವು. ಮೊದಲು ತೋರಿಸಿದ ಲೇಡಿ ಡಾಕ್ಟರ್ "ಮಕ್ಕಳು ಆಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಇನ್ನೊಬ್ಬರನ್ನು ಕೇಳೋಣ ಅಂತ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದೆವು. ಅಲ್ಲಿ ಹೇಳಿದ್ದು ಬೇರೆ. ಹೊಟ್ಟೆ ಕೊಯ್ಯಬೇಕೆಂದೇ ಇಲ್ಲ, ರಕ್ತನಾಳದ ಒಳಗಿನಿಂದ ಹೋಗಿ ಗಡ್ಡೆಗೆ ಹೋಗುವ ರಕ್ತ ನಿಲ್ಲಿಸುವ ದಾರಿಯೂ ಉಂಟು, ಅದಕ್ಕೆ ಎಂಬೊಲೈಸೇಷನ್ ಅಂತಾರೆ, ಎರಡನ್ನೂ ಹೋಲಿಸಿ ನೋಡುವ ಸ್ಟಡಿ ನಡೆಯುತ್ತಿದೆ, ಸೇರುತ್ತೀರಾ ಅಂತ. ಸೇರಿದರೆ ಅಕ್ಕನಿಗೆ ಆಪರೇಷನ್ನಾ, ಎಂಬೊಲೈಸೇಷನ್ನಾ ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದಂತೆ.

ಇದನ್ನು ಕೇಳಿ ಭಾವನಿಗೆ ವಿಪರೀತ ಸಿಟ್ಟು. "ದುಡ್ಡು ಕೊಟ್ಟು ಹೋಗಿ ನಮ್ಮ ಮೇಲೆ ಪ್ರಯೋಗ ಮಾಡಿಸಿಕೊಳ್ಳುವುದಾ" ಅಂತಾರೆ. ಅಕ್ಕ ಏನೂ ಹೇಳುತ್ತಿಲ್ಲ. ಓದಲಿಕ್ಕೆ ಕೊಟ್ಟ ಕಾಗದ ತುಂಬಾ ಪುಟ ಇದೆ, ಅರ್ಧಕ್ಕೇ ನಿಲ್ಲಿಸಿದೆವು. ಇಲ್ಲಿ ಆಸ್ಪತ್ರೆ ಕೆಲಸದಲ್ಲಿ ಇರುವವರು ಇದ್ದೀರಿ ಅಂತ ಗೊತ್ತು. ದಯವಿಟ್ಟು ಬಿಡಿಸಿ ಹೇಳಿ.

ಪಡುಬಿದ್ರಿಯವ

ಬೇಡ ಅಂತ ಹೇಳಿ ಬನ್ನಿ ಅಕ್ಕ. ಕಾಲೇಜು ಆಸ್ಪತ್ರೆಗೆ ಹೋದರೆ ಹೀಗೇ. ಅವರಿಗೆ ಕಲಿಯಲಿಕ್ಕೆ ಜನ ಬೇಕು. ಯಾವುದು ಒಳ್ಳೆಯದು ಅಂತ ಡಾಕ್ಟರಿಗೇ ಗೊತ್ತಿಲ್ಲದಿದ್ದರೆ ಚೀಟಿ ಎತ್ತಿ ನೋಡುವುದಾ?

ಕ್ಯಾಥ್‌ಲ್ಯಾಬ್ ಸಿಸ್ಟರ್

ನಾನು ಮಂಗಳೂರಿನಲ್ಲಿ ಕ್ಯಾಥ್‌ಲ್ಯಾಬ್‌ನಲ್ಲಿ, ಅಂದರೆ ರಕ್ತನಾಳದೊಳಗೆ ಟ್ಯೂಬ್ ಬಿಟ್ಟು ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಸ್ಟಾಫ್ ನರ್ಸ್. ಸ್ಟಡಿಯ ವಿಷಯ ಬೇರೆಯವರು ಹೇಳಲಿ, ಒಳಗೆ ಏನು ನಡೆಯುತ್ತದೆ ಅಂತ ನಾನು ಹೇಳುತ್ತೇನೆ. ಹೆದರಿಕೆ ಅರ್ಧ ಕಡಿಮೆಯಾದರೆ ಉಳಿದದ್ದನ್ನು ಯೋಚಿಸಲಿಕ್ಕೆ ಸುಲಭ.

ತೊಡೆಯ ಸಂದಿನಲ್ಲಿ ಅಥವಾ ಕೈಯ ಮಣಿಕಟ್ಟಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸೂಜಿಯಿಂದ ರಕ್ತನಾಳಕ್ಕೆ ಚುಚ್ಚಿ, ಸೂಜಿಯ ಒಳಗಿನಿಂದ ತೆಳ್ಳಗಿನ ವೈರ್ ಬಿಡುತ್ತಾರೆ. ಸೂಜಿ ತೆಗೆದು ವೈರಿನ ಮೇಲೆ ಸಣ್ಣ ಟ್ಯೂಬ್ ಜಾರಿಸುತ್ತಾರೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ರೇಡಿಯಾಲಜಿ ಡಾಕ್ಟರ್ ಪ್ರಕಟಿಸಿದ ಕ್ರಮ ಇದು. ಇವತ್ತಿಗೂ ನಮ್ಮ ಲ್ಯಾಬಿನಲ್ಲಿ ದಿನ ಶುರುವಾಗುವುದು ಇದರಿಂದಲೇ. ಆಂಜಿಯೋಗ್ರಾಂ ಇರಲಿ, ಸ್ಟೆಂಟ್ ಇರಲಿ, ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ತೆಗೆಯುವುದಿರಲಿ, ಮೊದಲ ಹೆಜ್ಜೆ ಒಂದೇ.

ಆಮೇಲೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತಾ ಗರ್ಭಕೋಶಕ್ಕೆ ರಕ್ತ ಕೊಡುವ ನಾಳಗಳವರೆಗೆ ಹೋಗುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಅಲ್ಲಿ ಮರಳಿನಂಥ ಸಣ್ಣ ಕಣಗಳನ್ನು ಬಿಡುತ್ತಾರೆ, ಮಿಲಿಮೀಟರಿನ ಅರ್ಧದಷ್ಟು ಅಥವಾ ಸ್ವಲ್ಪ ಜಾಸ್ತಿ. ತೋಟಕ್ಕೆ ಹೋಗುವ ಕಣಿಗೆ ಕಟ್ಟ ಹಾಕಿದ ಹಾಗೆ, ಗಡ್ಡೆಗೆ ರಕ್ತ ನಿಲ್ಲುತ್ತದೆ. ಗರ್ಭಕೋಶಕ್ಕೆ ಬೇರೆ ಕಡೆಯಿಂದಲೂ ರಕ್ತ ಬರುತ್ತದೆ, ಹಾಗಾಗಿ ಅದು ಉಳಿಯುತ್ತದೆ. ಗಡ್ಡೆ ತಿಂಗಳುಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಸಾಧಾರಣವಾಗಿ ಬೇಕಾಗುವುದಿಲ್ಲ.

ಒಂದು ಮಾತು ಮಾತ್ರ ಸರಿಯಾಗಿ ಕೇಳಿ. "ಕೊಯ್ಯುವುದಿಲ್ಲ, ಹಾಗಾಗಿ ನೋವಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ರಾತ್ರಿ ಹೊಟ್ಟೆನೋವು ಜೋರು ಇರುತ್ತದೆ. ಅದಕ್ಕೆ ನೋವಿನ ಔಷಧಿಯ ವ್ಯವಸ್ಥೆ ಮೊದಲೇ ಮಾಡಿರುತ್ತಾರೆ. ಮುಂದಿನ ಕೆಲವು ದಿನ ಸಣ್ಣ ಜ್ವರ, ವಾಕರಿಕೆ, ಸುಸ್ತು ಬರಬಹುದು. ಜ್ವರ ಬಿಡದೇ ಇದ್ದರೆ, ವಾಸನೆ ಇರುವ ಸ್ರಾವ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸುರತ್ಕಲ್ ಸುಮಕ್ಕ

ಸಿಸ್ಟರ್ ಹೇಳಿದ್ದು ಸತ್ಯ. ನಾನು ಮಾಡಿಸಿಕೊಂಡವಳು. ಆ ರಾತ್ರಿ ಹೆರಿಗೆ ನೋವಿನಷ್ಟೇ ಇತ್ತು. ಮರುದಿನ ಎದ್ದು ಓಡಾಡಿದೆ. ಮುಟ್ಟು ಸರಿಯಾಗಲಿಕ್ಕೆ ಕೆಲವು ತಿಂಗಳು ಹಿಡಿಯಿತು. ಈಗ ಕಬ್ಬಿಣದ ಮಾತ್ರೆ ಬಿಟ್ಟಿದ್ದೇನೆ, ಮಂಗಳೂರಿಗೆ ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಬಂದಿದೆ. ನನ್ನ ಓರಗಿತ್ತಿ ನನ್ನನ್ನು ನೋಡಿ ತಾನೂ ಮಾಡಿಸಿಕೊಂಡಳು. ಅವಳಿಗೆ ಎರಡು ವರ್ಷದ ನಂತರ ರಕ್ತಸ್ರಾವ ತಿರುಗಿ ಶುರುವಾಗಿ, ಕೊನೆಗೆ ಗರ್ಭಕೋಶ ತೆಗೆಯಲೇ ಬೇಕಾಯಿತು. ಎರಡನ್ನೂ ಹೇಳುವುದು ನ್ಯಾಯ ಅಂತ ಬರೆದೆ.

ರೇಡಿಯಾಲಜಿ ರೆಸಿಡೆಂಟ್

ಸುಮಕ್ಕ ಬರೆದದ್ದರಲ್ಲೇ ಇಡೀ ಸಂಶೋಧನೆಯ ಸಾರ ಇದೆ. ಒಂದೇ ಮನೆಯ ಇಬ್ಬರಿಗೆ ಎರಡು ಫಲ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ನೂರಾರು ಜನರನ್ನು ವರ್ಷಗಟ್ಟಲೆ ನೋಡಬೇಕಾಗುತ್ತದೆ. ನಾನು ಮಣಿಪಾಲದ ಕಡೆಯವನು, ರೇಡಿಯಾಲಜಿ ಎಂಡಿ ಓದುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಈ ಚಿಕಿತ್ಸೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ರವಿನಾ ಎಂಬ ಸ್ತ್ರೀರೋಗ ತಜ್ಞರು ಮತ್ತು ಅವರ ತಂಡ, ಫೈಬ್ರಾಯ್ಡ್ ಆಪರೇಷನ್ ಸಮಯದಲ್ಲಿ ರಕ್ತ ಜಾಸ್ತಿ ಹೋಗಬಾರದು ಅಂತ ಮೊದಲೇ ನಾಳ ಮುಚ್ಚಿಸುತ್ತಿದ್ದರು. ಆಪರೇಷನ್ನಿಗೆ ಕಾಯುತ್ತಿದ್ದ ಹೆಂಗಸರಲ್ಲಿ ಹಲವರು "ನಮಗೆ ಈಗ ತೊಂದರೆಯೇ ಇಲ್ಲ, ಆಪರೇಷನ್ ಯಾಕೆ" ಅಂದರು. 1995ರಲ್ಲಿ 16 ಜನರ ವಿವರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಇದು ತಾನೇ ಒಂದು ಚಿಕಿತ್ಸೆಯಾಯಿತು.

ಆದರೆ 16 ಜನ ಸಾಕಾ? ಹೋಲಿಸಿ ನೋಡಲಿಕ್ಕೆ ಬೇರೆ ಗುಂಪೂ ಇರಲಿಲ್ಲ. ಆಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ 177 ಹೆಂಗಸರ ಮೇಲೆ ಎಮ್ಮಿ ಎಂಬ ಟ್ರಯಲ್, ಅಂದರೆ ಚೀಟಿ ಎತ್ತಿ ಹೋಲಿಸುವ ಸ್ಟಡಿ, ನಡೆಯಿತು. ಅರ್ಧ ಜನರಿಗೆ ಎಂಬೊಲೈಸೇಷನ್, ಉಳಿದವರಿಗೆ ಗರ್ಭಕೋಶ ತೆಗೆಯುವುದು. ಅವರನ್ನು ಹತ್ತು ವರ್ಷ ಬಿಡದೆ ವಿಚಾರಿಸಿದರು. ಎಂಬೊಲೈಸೇಷನ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆ ಹತ್ತು ವರ್ಷದೊಳಗೆ ಗರ್ಭಕೋಶ ತೆಗೆಯಬೇಕಾಯಿತು. ಉಳಿದ ಇಬ್ಬರಿಗೆ ಅದು ತಪ್ಪಿತು. ಸುಮಕ್ಕ ಆ ಇಬ್ಬರ ಸಾಲಿನವರು, ಅವರ ಓರಗಿತ್ತಿ ಇನ್ನೊಂದು ಸಾಲಿನವರು.

ಬ್ರಿಟನ್ನಿನ ರೆಸ್ಟ್ ಟ್ರಯಲ್‌ನಲ್ಲಿ 157 ಜನ. 2007ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ನಂತರ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಚೆನ್ನಾಗಿದ್ದರು. ಆಸ್ಪತ್ರೆಯಲ್ಲಿ ಇರಬೇಕಾದದ್ದು ಎಂಬೊಲೈಸೇಷನ್‌ಗೆ ಸಾಮಾನ್ಯವಾಗಿ ಒಂದು ದಿನ, ಆಪರೇಷನ್ನಿಗೆ ಐದು ದಿನ. ಆದರೆ ಐದು ವರ್ಷದ ಹೊತ್ತಿಗೆ ಎಂಬೊಲೈಸೇಷನ್ ಆದವರಲ್ಲಿ 32 ಶೇಕಡಾ ಜನರಿಗೆ ಇನ್ನೊಂದು ಚಿಕಿತ್ಸೆ ಬೇಕಾಗಿತ್ತು. ಆಪರೇಷನ್ ಆದವರಲ್ಲಿ 4 ಶೇಕಡಾ.

ಇನ್ನೊಂದು, ಫೆಮ್ಮೆ. ಇದು 2020ರಲ್ಲಿ ಬಂತು. 254 ಜನ. ಇಲ್ಲಿ ಹೋಲಿಸಿದ್ದು ಗರ್ಭಕೋಶ ಇಟ್ಟುಕೊಂಡು ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಜೊತೆ. ಎರಡು ವರ್ಷದ ನಂತರ ಜೀವನ ಹೇಗಿದೆ ಅಂತ 100 ಅಂಕಗಳಲ್ಲಿ ಕೇಳಿದಾಗ ಆಪರೇಷನ್ ಆದವರದ್ದು 84.6, ಎಂಬೊಲೈಸೇಷನ್ ಆದವರದ್ದು 80. ಇಬ್ಬರೂ ಮೊದಲಿಗಿಂತ ಬಹಳ ಸುಧಾರಿಸಿದ್ದರು, ಆಪರೇಷನ್ ಸ್ವಲ್ಪ ಮುಂದೆ.

ನಾನು ರೇಡಿಯಾಲಜಿಯವನು. ನಮ್ಮದೇ ಚಿಕಿತ್ಸೆ ಗೆಲ್ಲಲಿ ಅಂತ ಆಸೆ ಇರುತ್ತದೆ. ಆದರೂ ಈ ಅಂಕಿಗಳನ್ನು ಮುಚ್ಚಿಟ್ಟು ರೋಗಿಯ ಹತ್ತಿರ ಮಾತಾಡುವುದು ಸರಿಯಲ್ಲ ಅಂತ ಗಟ್ಟಿಯಾಗಿ ನಂಬಿದ್ದೇನೆ.

ಕಾರ್ಕಳದ ತಂಗಿ

ಡಾಕ್ಟ್ರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಮಗೆ ಇದರಲ್ಲಿ ಕಾಲು ಭಾಗ ಕೂಡ ಯಾರೂ ಹೇಳಿರಲಿಲ್ಲ. ಆದರೆ ಒಂದು ಸಂಶಯ. ಇಷ್ಟೆಲ್ಲ ಗೊತ್ತಿದ್ದ ಮೇಲೆ ಇಲ್ಲಿ ಪುನಃ ಸ್ಟಡಿ ಯಾಕೆ? ಅಕ್ಕನ ಮೇಲೆ ಏನು ಹೊಸದನ್ನು ನೋಡುತ್ತಾರೆ?

ರೇಡಿಯಾಲಜಿ ರೆಸಿಡೆಂಟ್

ಒಳ್ಳೆಯ ಪ್ರಶ್ನೆ, ಇದನ್ನು ಅವರ ಹತ್ತಿರವೇ ಕೇಳಿ. ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ. ಕಾರಣಗಳು ಇರಬಹುದು. ಆ ಟ್ರಯಲ್‌ಗಳೆಲ್ಲ ಯೂರೋಪಿನವು. ನಮ್ಮಲ್ಲಿ ಹೆಂಗಸರು ಆಸ್ಪತ್ರೆಗೆ ಬರುವುದೇ ತಡ, ರಕ್ತ ಕಡಿಮೆ ಇರುತ್ತದೆ. ಆರು ತಿಂಗಳ ನಂತರ ಎಮ್‌ಆರ್‌ಐ ಮಾಡಿಸಲಿಕ್ಕೆ ಬನ್ನಿ ಅಂದರೆ ಬರುವವರು ಕಡಿಮೆ. ಮಣಿಪಾಲಕ್ಕೆ, ಮಂಗಳೂರಿಗೆ ಕಾಸರಗೋಡು, ಶಿವಮೊಗ್ಗ, ಚಿಕ್ಕಮಗಳೂರಿನಿಂದ ಜನ ಬರುತ್ತಾರೆ. ಅವರಿಗೆ ಪುನಃ ಪುನಃ ಬರಬೇಕಾದ ಚಿಕಿತ್ಸೆ ಆಗುತ್ತದಾ ಇಲ್ಲವಾ ಎನ್ನುವುದೇ ದೊಡ್ಡ ಪ್ರಶ್ನೆ. ಯೂರೋಪಿನ ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ.

ಪಡುಬಿದ್ರಿಯವ

ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಸುಮ್ನೆ ಹೇಳಿದ್ದಲ್ಲ. ನನ್ನ ಅಪ್ಪನಿಗೆ ಬೆನ್ನುಮೂಳೆ ಕುಸಿದಿತ್ತು. ಒಂದು ಕಡೆ ಸೂಜಿಯಿಂದ ಸಿಮೆಂಟ್ ತುಂಬಿಸಿದರು. ಕಂಪ್ಯೂಟರಿನಲ್ಲಿ ತೋರಿಸಿ "ನೋಡಿ, ಎಷ್ಟು ಚೆನ್ನಾಗಿ ತುಂಬಿದೆ" ಅಂದರು. ಫೋಟೋದಲ್ಲಿ ತುಂಬಿತ್ತು, ಸರಿ. ಅಪ್ಪನ ನೋವು ಹೋಗಲಿಲ್ಲ. ಎಷ್ಟು ಜನರಿಗೆ ಕಡಿಮೆ ಆಗುತ್ತದೆ ಅಂತ ಕೇಳಿದಾಗ "ಎಲ್ಲರಿಗೂ ಆಗುತ್ತದೆ" ಅಂದಿದ್ದರು. ಆವತ್ತಿನಿಂದ ನನಗೆ ಈ ಹೊಸ ಚಿಕಿತ್ಸೆಗಳ ಮೇಲೆ ನಂಬಿಕೆ ಇಲ್ಲ.

ರೇಡಿಯಾಲಜಿ ರೆಸಿಡೆಂಟ್

ಅಣ್ಣ, ನಿಮ್ಮ ತಂದೆಯವರ ವಿಷಯ ಕೇಳಿ ಬೇಸರವಾಯಿತು. ನೀವು ಹೇಳಿದ್ದು ಈ ಚರ್ಚೆಯ ಮಧ್ಯಕ್ಕೇ ಬರುತ್ತದೆ. ಟ್ರಯಲ್ ಯಾಕೆ ಬೇಕು ಎನ್ನುವುದಕ್ಕೆ ನಿಮ್ಮ ಅನುಭವವೇ ಸಾಕ್ಷಿ.

ಅದಕ್ಕೆ ವರ್ಟಿಬ್ರೋಪ್ಲಾಸ್ಟಿ ಅಂತಾರೆ. ಲೋಕದ ಎಲ್ಲ ಕಡೆ ಸಾವಿರಾರು ಜನರಿಗೆ ಮಾಡುತ್ತಿದ್ದರು. ಮಾಡಿದ ಡಾಕ್ಟರುಗಳು, ಮಾಡಿಸಿಕೊಂಡ ರೋಗಿಗಳು ಬಹಳ ಮಂದಿ "ನೋವು ಹೋಯಿತು" ಅಂತಲೇ ಹೇಳುತ್ತಿದ್ದರು. 2009ರಲ್ಲಿ ಎರಡು ಟ್ರಯಲ್‌ಗಳ ಫಲಿತಾಂಶ ಒಟ್ಟಿಗೇ ಬಂತು. ಒಂದು ಆಸ್ಟ್ರೇಲಿಯಾದ್ದು, 78 ಜನ. ಇನ್ನೊಂದು ಮುಖ್ಯವಾಗಿ ಅಮೆರಿಕದ್ದು, 131 ಜನ. ಇವುಗಳಲ್ಲಿ ಅರ್ಧ ಜನರಿಗೆ ನಿಜವಾಗಿ ಸಿಮೆಂಟ್ ತುಂಬಿಸಿದರು. ಉಳಿದವರಿಗೆ ಅದೇ ಕೋಣೆ, ಅದೇ ಟೇಬಲ್, ಅದೇ ಮರಗಟ್ಟುವ ಇಂಜೆಕ್ಷನ್, ಬೆನ್ನಿಗೆ ಒತ್ತಿದ ಅನುಭವ ಎಲ್ಲ ಕೊಟ್ಟು ಸಿಮೆಂಟ್ ಮಾತ್ರ ಹಾಕಲಿಲ್ಲ. ಅಮೆರಿಕದ ಟ್ರಯಲ್‌ನಲ್ಲಿ ಸಿಮೆಂಟಿನ ವಾಸನೆ ಬರಲಿ ಅಂತ ಅದರ ಡಬ್ಬಿ ಕೂಡ ತೆರೆದಿಟ್ಟರು. ರೋಗಿಗೆ ಗುರುತು ಹತ್ತಬಾರದು ಅಂತ ಅಷ್ಟು ಜಾಗ್ರತೆ. ಒಂದು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ನೋವು ಕಡಿಮೆಯಾಗಿತ್ತು, ಸರಿಸುಮಾರು ಒಂದೇ ಅಳತೆಯಲ್ಲಿ.

ಅಂದರೆ ನೋವು ತಾನಾಗಿ ಇಳಿಯುತ್ತಿತ್ತು, ಆರೈಕೆ ಸಿಕ್ಕಿತು ಎನ್ನುವ ನೆಮ್ಮದಿಯಿಂದಲೂ ಇಳಿಯುತ್ತಿತ್ತು. ಹೆಸರು ಮಾತ್ರ ಸಿಮೆಂಟಿಗೆ ಹೋಗುತ್ತಿತ್ತು. ಯಾರಿಗೆ, ಯಾವಾಗ ಮಾಡಿದರೆ ಪ್ರಯೋಜನ ಎನ್ನುವ ಚರ್ಚೆ ಡಾಕ್ಟರುಗಳ ನಡುವೆ ಇನ್ನೂ ನಿಂತಿಲ್ಲ. ಆದರೆ "ಎಲ್ಲರಿಗೂ ಆಗುತ್ತದೆ" ಅಂತ ಹೇಳುವ ಹಾಗೆ ಯಾವತ್ತೂ ಇರಲಿಲ್ಲ.

ನಮ್ಮ ವಿಭಾಗದಲ್ಲಿ ಈ ಅಪಾಯ ಬೇರೆ ಕಡೆಗಿಂತ ಜಾಸ್ತಿ. ಯಾಕೆಂದರೆ ನಾವು ಫಲವನ್ನು ಕಣ್ಣಾರೆ ನೋಡುತ್ತೇವೆ. ಮುಚ್ಚಿದ್ದ ನಾಳ ತೆರೆದುಕೊಂಡದ್ದು ಮಾನಿಟರಿನಲ್ಲಿ ಕಾಣುತ್ತದೆ. ನೋಡಿದವರಿಗೆ ಕೆಲಸ ಆಯಿತು ಅನಿಸುತ್ತದೆ. ಆದರೆ ರೋಗಿ ಕೇಳುವುದು ಬೇರೆ: ನೋವು ಹೋಯಿತಾ, ನಡೆಯಲಿಕ್ಕೆ ಆಗುತ್ತದಾ, ಆಯುಷ್ಯ ಜಾಸ್ತಿಯಾಯಿತಾ. ಕಿಡ್ನಿಗೆ ಹೋಗುವ ನಾಳ ಕಿರಿದಾದವರಿಗೆ ಸ್ಟೆಂಟ್ ಹಾಕುವುದನ್ನು ಪರೀಕ್ಷಿಸಿದ ಕೋರಲ್ ಟ್ರಯಲ್ ನೋಡಿ. 947 ಜನ. 2014ರಲ್ಲಿ ಬಂತು. ನಾಳ ಚೆನ್ನಾಗಿಯೇ ತೆರೆಯುತ್ತಿತ್ತು. ಒಳ್ಳೆಯ ಮಾತ್ರೆ ಕೊಟ್ಟವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಹೃದಯಾಘಾತ, ಕಿಡ್ನಿ ವೈಫಲ್ಯ, ಸಾವು ಕಡಿಮೆಯೇನೂ ಆಗಲಿಲ್ಲ.

ಹೆಜಮಾಡಿ ಹುಡುಗ

ಹಾಗಾದರೆ ಹೃದಯದ ಸ್ಟೆಂಟ್? ನಮ್ಮ ಮಾವನಿಗೆ ಹೋದ ತಿಂಗಳು ಹಾಕಿದ್ದಾರೆ, ಅದೂ ವೇಸ್ಟಾ?

ರೇಡಿಯಾಲಜಿ ರೆಸಿಡೆಂಟ್

ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ. ಹಾರ್ಟ್ ಅಟ್ಯಾಕ್ ಆದಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಸಂಶಯ ಇಲ್ಲ. ಪ್ರಶ್ನೆ ಇದ್ದದ್ದು ಅಟ್ಯಾಕ್ ಆಗದೆ, ಹತ್ತುವಾಗ ಇಳಿಯುವಾಗ ಎದೆ ಹಿಡಿಯುವವರ ಬಗ್ಗೆ. 2017ರಲ್ಲಿ ಲಂಡನ್ನಿನ ತಂಡದ ಆರ್ಬಿಟಾ ಟ್ರಯಲ್‌ನಲ್ಲಿ ಇಂಥ 200 ಜನರಿಗೆ ಮೊದಲು ಮಾತ್ರೆಗಳನ್ನು ಸರಿಯಾಗಿ ಕೊಟ್ಟು, ಆಮೇಲೆ ಅರ್ಧ ಜನರಿಗೆ ಸ್ಟೆಂಟ್, ಅರ್ಧ ಜನರಿಗೆ ಸ್ಟೆಂಟ್ ಇಲ್ಲದ ತೋರಿಕೆಯ ಚಿಕಿತ್ಸೆ ಮಾಡಿದರು. ಟ್ರೆಡ್‌ಮಿಲ್ ಮೇಲೆ ನಡೆಯುವ ಸಮಯದಲ್ಲಿ ಬಂದ ವ್ಯತ್ಯಾಸ 16.6 ಸೆಕೆಂಡ್, ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಅದೇ ತಂಡ 2023ರಲ್ಲಿ 301 ಜನರಲ್ಲಿ ಎದೆನೋವಿನ ಮಾತ್ರೆ ನಿಲ್ಲಿಸಿ ನೋಡಿದಾಗ ಸ್ಟೆಂಟಿನಿಂದ ಎದೆನೋವು ನಿಜವಾಗಿಯೂ ಕಡಿಮೆಯಾಗಿತ್ತು. ಪ್ರಶ್ನೆ ಸ್ವಲ್ಪ ಬದಲಾದರೆ ಉತ್ತರವೂ ಬದಲಾಗುತ್ತದೆ.

ಕ್ಯಾಥ್‌ಲ್ಯಾಬ್ ಸಿಸ್ಟರ್

ಉಲ್ಟಾ ಆದದ್ದೂ ಹೇಳಿ ಡಾಕ್ಟ್ರೇ, ಸ್ಟ್ರೋಕ್‌ನದ್ದು. ಇಲ್ಲದಿದ್ದರೆ ಜನ ಎಲ್ಲದಕ್ಕೂ ಹೆದರುತ್ತಾರೆ.

ರೇಡಿಯಾಲಜಿ ರೆಸಿಡೆಂಟ್

ಹೌದು ಸಿಸ್ಟರ್, ಅದು ನನಗೆ ಬಹಳ ಇಷ್ಟದ ಕಥೆ. ಸ್ಟ್ರೋಕ್ ಆದಾಗ ತೊಡೆಯಿಂದ ಮೆದುಳಿನ ನಾಳದವರೆಗೆ ಹೋಗಿ ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುವುದು. 2013ರಲ್ಲಿ ಮೂರು ಟ್ರಯಲ್‌ಗಳು ಒಟ್ಟಿಗೆ "ಇದರಿಂದ ಹೆಚ್ಚಿನ ಪ್ರಯೋಜನ ಇಲ್ಲ" ಅಂದವು. ಅಲ್ಲಿಗೇ ಬಿಟ್ಟಿದ್ದರೆ ಇವತ್ತು ಎಷ್ಟು ಜನ ಹಾಸಿಗೆ ಹಿಡಿದಿರುತ್ತಿದ್ದರೋ. ಆದರೆ ಆ ಟ್ರಯಲ್‌ಗಳಲ್ಲಿ ಉಪಕರಣಗಳು ಹೆಚ್ಚಿನವು ಹಳೆಯವು. ದೊಡ್ಡ ನಾಳ ನಿಜವಾಗಿ ಮುಚ್ಚಿದೆಯಾ ಅಂತ ನಾಳ ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನಿನಲ್ಲಿ ಖಾತ್ರಿ ಮಾಡದೆ ಸೇರಿಸಿದ ರೋಗಿಗಳೂ ಇದ್ದರು. ನೆದರ್‌ಲ್ಯಾಂಡ್ಸ್‌ನ 16 ಆಸ್ಪತ್ರೆಗಳು ಸೇರಿ 500 ರೋಗಿಗಳಲ್ಲಿ ನಡೆಸಿದ ಮಿಸ್ಟರ್ ಕ್ಲೀನ್ ಟ್ರಯಲ್‌ನಲ್ಲಿ ಇದನ್ನು ಸರಿಪಡಿಸಿದರು. ಆರು ಗಂಟೆಯೊಳಗೆ ಚಿಕಿತ್ಸೆ. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು 32.6 ಶೇಕಡಾ. ಬರೀ ಔಷಧಿ ಸಿಕ್ಕವರಲ್ಲಿ 19.1. ಫಲಿತಾಂಶ 2015ರ ಜನವರಿಯಲ್ಲಿ ಅಚ್ಚಾಯಿತು. ಅದೇ ವರ್ಷ ಇನ್ನೂ ನಾಲ್ಕು ಟ್ರಯಲ್‌ಗಳು ಅದನ್ನೇ ಹೇಳಿದವು. 2018ರ ಎರಡು ಟ್ರಯಲ್‌ಗಳ ನಂತರ, ಸ್ಕ್ಯಾನಿಂಗ್‌ನಲ್ಲಿ ಉಳಿಸಬಹುದಾದ ಭಾಗ ಕಂಡರೆ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುವ ಹಾಗಾಯಿತು.

ಕ್ಯಾಥ್‌ಲ್ಯಾಬ್ ಸಿಸ್ಟರ್

ಬಾಯಿ ಸೊಟ್ಟ, ಕೈ ಬಲ ಹೋದದ್ದು, ಮಾತು ತೊದಲುವುದು ಕಂಡರೆ ಎಣ್ಣೆ ತಿಕ್ಕುತ್ತಾ ಬೆಳಗಿನವರೆಗೆ ಕಾಯಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಸೀದಾ ಹೊರಡಿ. 24 ಗಂಟೆ ಅಂತ ಓದಿ ನಿಧಾನ ಮಾಡಬೇಡಿ, ನಿಮಿಷ ಹೋದ ಹಾಗೆ ಮೆದುಳು ಹೋಗುತ್ತದೆ. ವಿಷಯ ಸ್ವಲ್ಪ ಬೇರೆ, ಆದರೂ ಹೇಳದೆ ಇರಲಿಕ್ಕೆ ಆಗಲಿಲ್ಲ.

ಶಿರ್ವದ ಮೇಷ್ಟ್ರು

ಕಾರ್ಕಳದ ತಂಗಿಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಒಂದು ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸ್ಟಡಿ ರೋಗಿಗಳಿಗೆ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿಯಲ್ಲಿ, ಡಾಕ್ಟರಲ್ಲದ ಸದಸ್ಯನಾಗಿ ಕೂತಿದ್ದೇನೆ. ನಿಮ್ಮ ಭಾವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸಿಟ್ಟಿಗೆ ಉತ್ತರವಾಗಿಯೇ ಕೆಲವು ನಿಯಮಗಳು ಬಂದಿವೆ.

ಜನರ ಮೇಲೆ ನಡೆಯುವ ಯಾವ ಸ್ಟಡಿಯೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಶುರುವಾಗಬಾರದು. ಕಮಿಟಿಯಲ್ಲಿ ಡಾಕ್ಟರುಗಳು ಮಾತ್ರ ಇರುವ ಹಾಗಿಲ್ಲ, ಕಾನೂನು ಬಲ್ಲವರು, ನನ್ನಂಥ ಸಾಮಾನ್ಯರು, ಆ ಸಂಸ್ಥೆಗೆ ಸೇರದವರು ಇರಬೇಕು. ಚಿಕಿತ್ಸೆಯ ಟ್ರಯಲ್ ಆದರೆ ಅದನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಮೊದಲೇ ನೋಂದಾಯಿಸಬೇಕು. ಇದು 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯವಾಯಿತು. ಯಾರು ಬೇಕಾದರೂ ಅದರ ವೆಬ್‌ಸೈಟಿನಲ್ಲಿ ನೋಂದಣಿ ನಂಬರ್ ಹಾಕಿ ಹುಡುಕಬಹುದು. ಎಷ್ಟು ಜನರನ್ನು ಸೇರಿಸುತ್ತಾರೆ, ಯಾವುದನ್ನು ಅಳೆಯುತ್ತಾರೆ, ಹಣ ಯಾರದ್ದು, ಎಲ್ಲ ಅಲ್ಲಿ ಇರುತ್ತದೆ.

ಮೊದಲೇ ನೋಂದಾಯಿಸುವುದಕ್ಕೆ ಬಹಳ ದೊಡ್ಡ ಅರ್ಥ ಉಂಟು. "ಒಂದು ವರ್ಷದ ನಂತರ ರಕ್ತಸ್ರಾವ ಎಷ್ಟು ಎಂದು ನೋಡುತ್ತೇವೆ" ಅಂತ ಮೊದಲು ಹೇಳಿ, ಕೊನೆಗೆ ಅದು ಸರಿ ಬರಲಿಲ್ಲ ಅಂತ "ಗಡ್ಡೆಯ ಗಾತ್ರ ಕುಗ್ಗಿತು" ಎಂದು ಬರೆದರೆ ಯಾರಾದರೂ ಹಿಡಿಯಬಹುದು. ನಿಮ್ಮ ಅಕ್ಕನಿಗೆ ಬೇಕಾದದ್ದು ರಕ್ತ ನಿಲ್ಲುವುದು. ಗಡ್ಡೆ ಎಷ್ಟು ಸೆಂಟಿಮೀಟರ್ ಆಯಿತು ಎನ್ನುವುದು ಆಮೇಲಿನ ಮಾತು. ಹಾಗಾಗಿ ಅವರು ಮುಖ್ಯವಾಗಿ ಅಳೆಯುವುದು ಯಾವುದನ್ನು ಅಂತ ಕೇಳಿ. ನನ್ನ ಮಟ್ಟಿಗೆ ಎಲ್ಲ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು.

ಹಣದ ವಿಷಯ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಸ್ಟಡಿಗೋಸ್ಕರ ಮಾಡುವ ಹೆಚ್ಚಿನ ಪರೀಕ್ಷೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಸ್ಟಡಿಯಿಂದಾಗಿ ತೊಂದರೆಯಾದರೆ ಅದರ ಚಿಕಿತ್ಸೆ ಉಚಿತವಾಗಿ ಕೊಡಬೇಕು. ಮಾಮೂಲಿ ಚಿಕಿತ್ಸೆಯ ಖರ್ಚು ಬೇರೆ. ಯಾವುದು ಯಾರ ಖರ್ಚು ಅಂತ ಬರೆದು ತೋರಿಸಲಿ. ಮತ್ತೆ, ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಾಗಿಲ್ಲ. ಬಂದರೆ ಚಿಕಿತ್ಸೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಮಾಡುವ ಹಾಗಿಲ್ಲ.

ನಮ್ಮ ಜಿಲ್ಲೆಗಳಲ್ಲಿ ನಾನು ಪ್ರತಿ ಮೀಟಿಂಗಿನಲ್ಲೂ ಎತ್ತುವ ಮಾತು ಒಂದಿದೆ. ಕಾಗದ ಕನ್ನಡದಲ್ಲಿ ಇದ್ದರೆ ಸಾಲುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು, ಗಡಿಯ ಆಚೆಯಿಂದ ಬರುವ ಮಲಯಾಳಿಗಳು, ಇವರಿಗೆ ಅವರ ಭಾಷೆಯಲ್ಲಿ ಕೂತು ಹೇಳಬೇಕು. ಓದಲಿಕ್ಕೆ ಬಾರದವರಾದರೆ ಸ್ಟಡಿಗೆ ಸಂಬಂಧ ಇಲ್ಲದ ಸಾಕ್ಷಿ ಒಬ್ಬರು ಇರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು. ಇಲ್ಲಿ ಇಷ್ಟು ಮೆಡಿಕಲ್ ಕಾಲೇಜು ಇರುವಾಗ "ಸ್ಟಡಿ" ಎನ್ನುವ ಮಾತು ದಿನಾ ಕೇಳುತ್ತದೆ. ಎಂಡಿ, ಎಂಎಸ್ ಮಾಡುವವರು ಪ್ರಬಂಧ ಬರೆಯಲೇ ಬೇಕು. ಅವುಗಳಲ್ಲಿ ಬಹಳಷ್ಟು ರಿಪೋರ್ಟ್ ನೋಡಿ ಬರೆದುಕೊಳ್ಳುವುದು ಮಾತ್ರ, ಚಿಕಿತ್ಸೆ ಬದಲಾಗುವುದಿಲ್ಲ. ನಿಮ್ಮ ಅಕ್ಕನದ್ದು ಹಾಗಲ್ಲ. ಯಾವ ಚಿಕಿತ್ಸೆ ಎನ್ನುವುದೇ ಅಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ನಿಧಾನ ಮಾಡಿ, ಕಾಗದ ಮನೆಗೆ ತನ್ನಿ, ಪೂರ್ತಿ ಓದಿ.

ಕುಂದಾಪ್ರದ ಅತ್ತಿಗೆ

ನಾನು ಗರ್ಭಕೋಶ ತೆಗೆಸಿದವಳು, ಹೊಟ್ಟೆಗೆ ಸಣ್ಣ ತೂತು ಮಾಡಿ. ಆರಾಮ ಇದ್ದೇನೆ. ಎಲ್ಲರೂ ಅದು ಘೋರ ಅನ್ನುವ ಹಾಗೆ ಮಾತಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ರಕ್ತ ಹೋಗಿ ಹೋಗಿ ಬಟ್ಟೆ ಒಗೆಯುವುದೇ ಜೀವನ ಆಗಿತ್ತು, ಅದರಿಂದ ಒಂದೇ ಸಲಕ್ಕೆ ಬಿಡುಗಡೆ ಸಿಕ್ಕಿತು. ರೆಸ್ಟ್ ಟ್ರಯಲ್‌ನ ಐದು ದಿನ ಅಂತ ಬರೆದಿದ್ದಾರಲ್ಲ, ಅದು ಹೊಟ್ಟೆ ಕೊಯ್ಯುವ ಕಾಲದ್ದು ಇರಬೇಕು. ನಾನು ಮೂರನೇ ದಿನ ಮನೆಯಲ್ಲಿದ್ದೆ.

ರೇಡಿಯಾಲಜಿ ರೆಸಿಡೆಂಟ್

ಅತ್ತಿಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆ ಟ್ರಯಲ್‌ನ ಆಪರೇಷನ್‌ಗಳು ಬಹುಪಾಲು ಹೊಟ್ಟೆ ಕೊಯ್ದು ಮಾಡಿದವು. ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತಿನ ಆಪರೇಷನ್, ಬಂದ ಮೇಲೆ ಆ ಐದು ದಿನದ ಲೆಕ್ಕ ಹಾಗೇ ನಿಲ್ಲುವುದಿಲ್ಲ. ಇವತ್ತಿನ ಆಪರೇಷನ್ ಜೊತೆ ಇವತ್ತಿನ ಎಂಬೊಲೈಸೇಷನ್ ಹೋಲಿಸಬೇಕು. ಪುನಃ ಸ್ಟಡಿ ಯಾಕೆ ಅಂತ ತಂಗಿ ಕೇಳಿದ್ದರಲ್ಲ, ಇದೂ ಒಂದು ಕಾರಣ.

ಎಂಬೊಲೈಸೇಷನ್ ಯಾರಿಗೆ ಹೊಂದುವುದಿಲ್ಲ ಅಂತಲೂ ಬರೆಯುತ್ತೇನೆ. ಮುಂದೆ ಮಗು ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಗಡ್ಡೆ ಮಾತ್ರ ತೆಗೆಯುವ ಆಪರೇಷನ್ನನ್ನೇ ಮೊದಲು ಯೋಚಿಸುತ್ತಾರೆ. ಸೋಂಕು ಇದ್ದರೆ ಮಾಡುವುದಿಲ್ಲ. ಕ್ಯಾನ್ಸರ್ ಸಂಶಯ ಇದ್ದರೆ ಖಂಡಿತ ಮಾಡಬಾರದು, ಯಾಕೆಂದರೆ ಇಲ್ಲಿ ಗಡ್ಡೆ ಹೊರಗೆ ಬರುವುದಿಲ್ಲ, ಪರೀಕ್ಷೆಗೆ ಕಳಿಸಲಿಕ್ಕೆ ತುಣುಕು ಸಿಗುವುದಿಲ್ಲ. 45 ದಾಟಿದವರಲ್ಲಿ ಅಂಡಾಶಯಕ್ಕೂ ರಕ್ತ ಕಡಿಮೆಯಾಗಿ ಮುಟ್ಟು ನಿಲ್ಲುವ ಸಾಧ್ಯತೆ ಇದೆ. ಚಿಕ್ಕವರಲ್ಲಿ ಇದು ಅಪರೂಪ.

ಪಡುಬಿದ್ರಿಯವ

ಡಾಕ್ಟ್ರೇ, ಅಪ್ಪನಿಗೆ ಮಾಡುವ ಮೊದಲು ಯಾರಾದರೂ ಹೀಗೆ ಹೇಳಿದ್ದರೆ ನಾವು ಒಪ್ಪುತ್ತಿದ್ದೆವೋ ಇಲ್ಲವೋ ಗೊತ್ತಿಲ್ಲ. ಮೋಸ ಹೋದೆವು ಅಂತ ಮಾತ್ರ ಅನಿಸುತ್ತಿರಲಿಲ್ಲ. ತಂಗಿ, ನನ್ನ "ಬೇಡ" ಅನ್ನುವ ಮಾತನ್ನು ಹಿಡಿಯಬೇಡಿ. ಮೇಷ್ಟ್ರು ಹೇಳಿದ ಹಾಗೆ ಕೇಳಿ ನೋಡಿ.

ಕಾರ್ಕಳದ ತಂಗಿ

ಹೋಗಿ ಬಂದೆವು. ಈ ಸಲ ಭಾವನೂ ಬಂದರು. ಇಲ್ಲಿ ಬಂದ ಪ್ರಶ್ನೆಗಳನ್ನು ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅಲ್ಲಿನ ಡಾಕ್ಟರ್ ಬೇಸರ ಮಾಡದೆ ಕೂತು ಉತ್ತರ ಕೊಟ್ಟರು. ಮುಖ್ಯವಾಗಿ ಅಳೆಯುವುದು ಒಂದು ವರ್ಷದ ನಂತರದ ರಕ್ತಸ್ರಾವ ಮತ್ತು ದಿನನಿತ್ಯದ ಕೆಲಸ ಮಾಡುವ ಶಕ್ತಿಯನ್ನು. ಗಡ್ಡೆಯ ಗಾತ್ರ ಎರಡನೆಯದು. ಆಪರೇಷನ್ ಲ್ಯಾಪ್ರೋಸ್ಕೋಪಿಯಲ್ಲಿ. ಸ್ಟಡಿಯ ಎಮ್‌ಆರ್‌ಐಗೆ ದುಡ್ಡು ಇಲ್ಲ, ಉಳಿದದ್ದು ನಮ್ಮದು. ನೋಂದಣಿ ನಂಬರ್ ಕಾಗದದ ಮೇಲೆಯೇ ಇತ್ತು. ಭಾವ ಅಲ್ಲೇ ಮೊಬೈಲಿನಲ್ಲಿ ಹುಡುಕಿ ನೋಡಿದರು, ಸಿಕ್ಕಿತು. ಅಲ್ಲಿಂದ ಅವರ ಸಿಟ್ಟು ಇಳಿಯಿತು.

ಅಕ್ಕ ಕೇಳಿದ ಪ್ರಶ್ನೆ ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. "ನನಗೆ ಒಂದು ಕಡೆ ಮನಸ್ಸು ವಾಲಿದ್ದರೆ ನಾನು ಸೇರಬಹುದಾ" ಅಂತ. ಅವಳಿಗೆ ಗರ್ಭಕೋಶ ಉಳಿಸಿಕೊಳ್ಳಬೇಕು. ಮೂರರಲ್ಲಿ ಒಬ್ಬರಿಗೆ ಮುಂದೆ ತೆಗೆಯಬೇಕಾಗುತ್ತದೆ ಎನ್ನುವುದು ಗೊತ್ತಿದ್ದೂ ಬೇಕು. ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಡಾಕ್ಟರ್ ಕೂಡಲೇ "ಹಾಗಿದ್ದರೆ ಚೀಟಿ ಎತ್ತುವುದಕ್ಕೆ ಸೇರಬೇಡಿ" ಅಂದರು. ಎಂಬೊಲೈಸೇಷನ್ ಬೇರೆಯಾಗಿ ಮಾಡುತ್ತಾರೆ. ತಾವೇ ಆರಿಸಿಕೊಂಡವರನ್ನೂ ಅಷ್ಟೇ ಸಮಯ ವಿಚಾರಿಸುವ ಇನ್ನೊಂದು ಗುಂಪು ಇದೆಯಂತೆ, ಅದಕ್ಕೆ ಅಕ್ಕ ಸಹಿ ಹಾಕಿದಳು. ಕಾಗದದ ಒಂದು ಪ್ರತಿ ನಮ್ಮ ಹತ್ತಿರ ಇದೆ.

ಶಿರ್ವದ ಮೇಷ್ಟ್ರು

ಡಾಕ್ಟರ್ ಸರಿಯಾದ ಉತ್ತರ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದಾದರೂ ಸರಿ ಅನ್ನುವವರನ್ನು ಮಾತ್ರ ಚೀಟಿಗೆ ಸೇರಿಸಬೇಕು. ಬಲವಾದ ಇಷ್ಟ ಇದ್ದವರನ್ನು ಒತ್ತಾಯದಿಂದ ಸೇರಿಸಿದರೆ, ಚೀಟಿಯಲ್ಲಿ ಬೇರೆಯದು ಬಂದಾಗ ಅವರು ಬಿಟ್ಟು ಹೋಗುತ್ತಾರೆ. ಲೆಕ್ಕವೂ ಹಾಳು, ಅವರ ಮನಸ್ಸಿಗೂ ಬೇಜಾರು. ಆರಿಸಿಕೊಂಡವರ ಲೆಕ್ಕ ಹೋಲಿಕೆಗೆ ಅಷ್ಟು ಗಟ್ಟಿ ಅಲ್ಲ. ಆದರೆ ಐದು ವರ್ಷದ ನಂತರ ಎಷ್ಟು ಜನರಿಗೆ ತಿರುಗಿ ತೊಂದರೆ ಬಂತು ಅಂತ ತಿಳಿಯಲಿಕ್ಕೆ ಅದು ಬೇಕೇ ಬೇಕು. ಫೋನ್ ಬಂದಾಗ ಎತ್ತಲಿಕ್ಕೆ ಅಕ್ಕನಿಗೆ ಹೇಳಿ. ಇಲ್ಲಿನ ಸ್ಟಡಿಗಳು ಸೋಲುವುದು ಹೆಚ್ಚಾಗಿ ಅಲ್ಲೇ. ಆರಾಮಾದವರು ಬರುವುದಿಲ್ಲ, ಆರಾಮಾಗದವರು ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ.

ಕಾರ್ಕಳದ ತಂಗಿ

ಖಂಡಿತ ಹೇಳುತ್ತೇನೆ ಸರ್. ಸಿಸ್ಟರ್, ಹೋಗುವ ಮೊದಲು ಏನಾದರೂ ತಯಾರಿ ಉಂಟಾ?

ಕ್ಯಾಥ್‌ಲ್ಯಾಬ್ ಸಿಸ್ಟರ್

ಕಬ್ಬಿಣದ ಮಾತ್ರೆ ಈಗಿನಿಂದ ಬಿಡದೆ ತೆಗೆದುಕೊಳ್ಳಲಿ. ಹಿಮೋಗ್ಲೋಬಿನ್ ಇನ್ನೂ ಏರಬೇಕು, ಮಾತ್ರೆಯಲ್ಲಿ ಏರದಿದ್ದರೆ ಡ್ರಿಪ್ ಮೂಲಕ ಕೊಡುವುದು ಉಂಟು, ಕೇಳಿ. ಕ್ರಿಯಾಟಿನಿನ್ ರಿಪೋರ್ಟ್ ತೆಗೆದುಕೊಂಡು ಹೋಗಿ, ಡೈ ಕೊಡುವ ಮೊದಲು ಕಿಡ್ನಿ ಸರಿ ಇದೆಯಾ ಅಂತ ನೋಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಯಾವುದಾದರೂ ಔಷಧಿಗೆ, ಹಿಂದೆ ಡೈಗೆ ಅಲರ್ಜಿ ಆಗಿದ್ದರೆ ಅದನ್ನೂ. ಮುಟ್ಟು ತಪ್ಪಿದ್ದರೆ ಹೇಳದೆ ಇರಬಾರದು, ಗರ್ಭ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಎಕ್ಸ್‌ರೇ. ತೊಡೆಯಿಂದ ಮಾಡಿದರೆ ಆಮೇಲೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕು, ಹಾಗಾಗಿ ರಾತ್ರಿ ಜೊತೆಗೆ ನೀವೇ ಇರಿ. ಶಾಲೆಗೆ ಎರಡು ವಾರ ರಜೆ ಬರೆದಿಡಲಿ. ಬೇಗ ಆರಾಮಾದರೆ ಮೊದಲೇ ಹೋಗಬಹುದು.